ಸೆಲಿನ್ ಟೀಚರ್ ಬೇಡ ಎಂದದ್ದು

ಸೆಲಿನ್ ಟೀಚರಿಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಸ್ವಲ್ಪ ಸಿಟ್ಟಾದರೆ ಮುಂದಿನ ಬೆಂಚಿಗೆ ಕೇಳಿಸುವಷ್ಟು, ಜಾಸ್ತಿ ಆದರೆ ತುಟಿ ಅಲ್ಲಾಡುವುದು ಮಾತ್ರ ಕಾಣುವಷ್ಟು. ಅವರ ಗಣಿತದ ಕ್ಲಾಸಿನಿಂದ ಜೋರು ಮಾತು ಬರುತ್ತಿದೆ ಎಂದರೆ ಅಲ್ಲಿ ಎಲ್ಲ ಸರಿಯಿದೆ ಎಂದೇ ಅರ್ಥ. ಪಕ್ಕದ ಆಫೀಸಿನಲ್ಲಿ ಕೂತ ನನಗೆ ಇದ್ದಕ್ಕಿದ್ದಂತೆ ಅವರ ದನಿ ಕೇಳಿಸದೇ ಹೋದರೆ, ಒಳಗೆ ಯಾರಿಗೋ ಗ್ರಹಚಾರ ಕೆಟ್ಟಿದೆ ಎಂದು ಗೊತ್ತಾಗುತ್ತಿತ್ತು.

ನಾನು ಆ ಚರ್ಚ್ ಶಾಲೆಯ ಕ್ಲರ್ಕ್. ಮುತ್ತಿನಕೊಪ್ಪದಿಂದ ದಿನಾ ಬಸ್ಸಿನಲ್ಲಿ ಎನ್.ಆರ್. ಪುರಕ್ಕೆ ಬಂದು, ದಿಬ್ಬ ಹತ್ತಿ, ಎಂಟೂ ಮುಕ್ಕಾಲಿಗೆ ಆಫೀಸಿನ ಬೀಗ ತೆಗೆಯುತ್ತೇನೆ. ಹಾಜರಿ ಪುಸ್ತಕ, ಟಿ.ಸಿ., ದಾಖಲಾತಿ, ಮೀಟಿಂಗಿನ ನಡಾವಳಿ, ಎಲ್ಲವೂ ನನ್ನ ಕೈಬರಹದಲ್ಲೇ ಇವೆ. ನಾನು ಬರುವಷ್ಟರಲ್ಲಿ ಸೆಲಿನ್ ಟೀಚರ್ ಜಗಲಿಯ ಮೇಲೆ ಕೂತು ಮಕ್ಕಳ ನೋಟ್ಸು ತಿದ್ದುತ್ತಿರುತ್ತಿದ್ದರು, ಹಸಿರು ಪೆನ್ನಿನಲ್ಲಿ. ಕೆಂಪು ಯಾಕಿಲ್ಲ ಎಂದು ಒಮ್ಮೆ ಕೇಳಿದ್ದಕ್ಕೆ, "ಲೆಕ್ಕ ತಪ್ಪಿದವನಿಗೆ ರಕ್ತ ಎಂತಕ್ಕೆ ತೋರಿಸ್ಬೇಕು ಮಾರಾಯ್ತಿ" ಎಂದಿದ್ದರು. ಅವರು ಬಸರೀಕಟ್ಟೆ ಕಡೆಯವರು. ತಂದೆ ಅಲ್ಲಿಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದವರು. ಮದುವೆಯಾಗಲಿಲ್ಲ. ಮಧ್ಯಾಹ್ನ ನನ್ನ ಅಕ್ಕಿ ರೊಟ್ಟಿಯಲ್ಲಿ ಅರ್ಧ ಅವರಿಗೆ, ಅವರ ಮಾವಿನ ಮಿಡಿ ಉಪ್ಪಿನಕಾಯಿಯಲ್ಲಿ ಅರ್ಧ ನನಗೆ. ಇದು ಹದಿನೆಂಟು ವರ್ಷ ನಡೆಯಿತು.

ಅವರದ್ದೊಂದು ಮಾತಿತ್ತು. ವಾರ್ಷಿಕೋತ್ಸವದ ಹಿಂದಿನ ದಿನ ಮೈಕ್ ಕೆಟ್ಟಾಗ, ಟ್ಯಾಂಕಿನ ನಲ್ಲಿ ಮುರಿದು ಅಂಗಳವೆಲ್ಲ ಕೆಸರಾದಾಗ, ಎಲ್ಲರೂ ಸೇರಿ ದೇವರೇ ದೇವರೇ ಎನ್ನುವಾಗ ಅವರು ಮಾತ್ರ ಕೇಳುತ್ತಿದ್ದರು: "ಪ್ರಾರ್ಥನೆ ಆಮೇಲೆ ಮಾಡೋಣ. ಇದರ ಹೊಣೆ ಯಾರದ್ದು, ಅದನ್ನು ಮೊದಲು ಹೇಳಿ." ಹೀಗೆ ಕೇಳುವವರನ್ನು ಯಾವ ಶಾಲೆಯೂ ಇಷ್ಟಪಡುವುದಿಲ್ಲ. ಚರ್ಚ್ ಶಾಲೆಯಂತೂ ಇಲ್ಲವೇ ಇಲ್ಲ. ಅವರು ಚರ್ಚಿಗೆ ತಪ್ಪದೆ ಹೋಗುವವರಾದದ್ದರಿಂದ ಬಾಯಿ ಮುಚ್ಚಿಸುವುದೂ ಕಷ್ಟವಾಗಿತ್ತು.

ಕೊರೋನಾ ಕಾಲದಲ್ಲಿ ನಮ್ಮ ಶಾಲೆ ವಾಟ್ಸಾಪಿಗೆ ಬಿತ್ತು. ಕೊರೋನಾ ಹೋಯಿತು, ವಾಟ್ಸಾಪ್ ಉಳಿಯಿತು. ಅಂಕಪಟ್ಟಿ, ರಜೆ ಚೀಟಿ, ಸುತ್ತೋಲೆ ಎಲ್ಲ ಅದರಲ್ಲೇ. ಒಂದು ದಿನ ಡ್ರಿಲ್ ಮಾಸ್ಟ್ರು ಏಳನೇ ಕ್ಲಾಸಿನ ವಿಜ್ಞಾನದ ಪ್ರಶ್ನೆಪತ್ರಿಕೆಯನ್ನು ಟೀಚರುಗಳ ಗುಂಪಿಗೆ ಹಾಕುವ ಬದಲು ತಂದೆತಾಯಿಗಳ ಗುಂಪಿಗೆ ಹಾಕಿಬಿಟ್ಟರು, ಪರೀಕ್ಷೆಯ ಹಿಂದಿನ ಸಂಜೆ. ಒಬ್ಬ ತಂದೆ ಕೈಮುಗಿಯುವ ಚಿತ್ರ ಹಾಕಿ, ಉತ್ತರವನ್ನೂ ಕಳಿಸಿಕೊಟ್ಟರೆ ಉಪಕಾರವಾಗುತ್ತದೆ ಸರ್ ಎಂದು ಕೇಳಿದ್ದರು. ಮಾರನೇ ಬೆಳಿಗ್ಗೆ ಸೆಲಿನ್ ಟೀಚರ್ ವಿಜ್ಞಾನದ ಟೀಚರ ಜೊತೆ ಕೂತು ಒಂದು ಗಂಟೆಯಲ್ಲಿ ಹೊಸ ಪತ್ರಿಕೆ ಕೈಯಲ್ಲೇ ಬರೆದು ಜೆರಾಕ್ಸಿಗೆ ಕಳಿಸಿದರು. ಡ್ರಿಲ್ ಮಾಸ್ಟ್ರ ಹತ್ತಿರ ಏನೋ ಅಂದರು. ಏನೆಂದು ಯಾರಿಗೂ ಕೇಳಿಸಲಿಲ್ಲ. ಮಾಸ್ಟ್ರು ಮಾತ್ರ ಅವತ್ತು ಊಟ ಮಾಡಲಿಲ್ಲ.

ಅದಾದ ಮೇಲೆ ಫಾದರ್ ಒಂದು ಮಾತು ಹೇಳಿದರು. ನಮ್ಮ ಶಾಲೆಗೆ ಸಂಚಾಲಕರು ಎಂದರೆ ಚರ್ಚಿನ ಫಾದರೇ. ಶಾಲೆಗೆ ಸರಿಯಾದೊಂದು ಇಮೇಲ್ ಇರಲಿ, ಎಲ್ಲರೂ ಸೇರಿ ಕಡತ ಇಟ್ಟುಕೊಳ್ಳುವ ಆನ್‌ಲೈನ್ ವ್ಯವಸ್ಥೆ ಇರಲಿ, ಯಾವುದು ಒಳ್ಳೆಯದೆಂದು ಸೆಲಿನ್ ಟೀಚರ್ ನೋಡಿ ಹೇಳಲಿ ಎಂದರು. ಆ ಫಾದರ್ ಬಹಳ ಒಳ್ಳೆಯವರು. ಮಕ್ಕಳ ಹೆಸರೆಲ್ಲ ಬಾಯಲ್ಲಿ, ಯಾರ ಮನೆಯಲ್ಲಿ ಕಾಯಿಲೆಯಾದರೂ ಮೊದಲು ಹೋಗುವವರು. ಇದನ್ನು ಯಾಕೆ ಹೇಳುತ್ತೇನೆಂದರೆ, ಕೆಟ್ಟವರು ಮಾಡಿದ ತಪ್ಪಾಗಿದ್ದರೆ ಅದನ್ನು ಯಾರಾದರೂ ಆಗಲೇ ತಡೆಯುತ್ತಿದ್ದರು.

ಟೀಚರ್ ಆ ಕೆಲಸವನ್ನು ಹಿಡಿದ ರೀತಿ ನೋಡಬೇಕಿತ್ತು. ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದು ಗೆರೆ ಹಾಕಿದರು. ಎರಡು ಕಂಪನಿಯವು, ಎರಡನ್ನೂ ಒಂದೊಂದು ತಿಂಗಳು ನಡೆಸಿ ನೋಡಿದರು. ಶನಿವಾರ ಬಸರೀಕಟ್ಟೆಯ ಅಣ್ಣನ ಮನೆಗೆ ಹೋದಾಗ, ಸಿಗ್ನಲ್ ಒಂದೇ ಕಡ್ಡಿ ಇರುವ ಜಾಗದಲ್ಲಿ ನಿಂತು, ಅಂಕಪಟ್ಟಿ ತೆರೆಯಲು ಎಷ್ಟು ಹೊತ್ತಾಗುತ್ತದೆ ಎಂದು ಗಡಿಯಾರ ನೋಡಿ ಬರೆದುಕೊಂಡರು. ನಾನು ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡ ಪತ್ರಗಳು ಅಲ್ಲಿ ಹೋದ ಕೂಡಲೇ ಚೌಕ ಚೌಕವಾಗಿ ಒಡೆದುಹೋಗುತ್ತಿದ್ದವು. ಅದಕ್ಕೆ ನನ್ನನ್ನು ಕೂರಿಸಿಕೊಂಡು ಹೊಸ ರೀತಿಯ ಟೈಪಿಂಗ್ ಕಲಿಸಿದರು. ನಮ್ಮ ಕನ್ನಡ ಪಂಡಿತರಿಗೆ ನಿವೃತ್ತಿಗೆ ಎರಡು ವರ್ಷ ಇತ್ತು, ಇಲಿಯಂತಿದ್ದ ಆ ಮೌಸನ್ನು ಅವರು ಮುಟ್ಟುತ್ತಲೇ ಇರಲಿಲ್ಲ. ಅವರನ್ನೇ ಆರಿಸಿ ಮೊದಲು ಕಲಿಸಿದರು. "ಪಂಡಿತರಿಗೆ ಬಂದ್ರೆ ಸಾಕು, ಉಳಿದವರು ನಾಚಿಕೆಗಾದ್ರೂ ಕಲೀತಾರೆ" ಎಂದು ಅವರ ಎದುರೇ ಹೇಳಿದರು. ಪಂಡಿತರು ನಕ್ಕರು, ಕಲಿತರು.

ಕೊನೆಗೆ ಅವರು ಹೇಳಿದ್ದು ಇಷ್ಟು. ಎರಡೂ ಹೆಚ್ಚುಕಡಿಮೆ ಒಂದೇ, ಯಾವುದನ್ನಾದರೂ ತೆಗೆದುಕೊಳ್ಳಿ. ಆದರೆ ಖಾತೆ ಶಾಲೆಯ ಹೆಸರಿನಲ್ಲೇ ಇರಬೇಕು. ಶಾಲೆಯ ನೋಂದಣಿ ಪತ್ರ ಕಳಿಸಿದರೆ ಶಾಲೆಗಳಿಗೆಂದೇ ಇರುವ ಖಾತೆ ಸಿಗುತ್ತದೆ, ಒಂದಿಷ್ಟು ವಾರ ಹಿಡಿಯುತ್ತದೆ, ಕಾಯೋಣ. ಪ್ರತಿ ಟೀಚರಿಗೂ ಬೇರೆ ಬೇರೆ ಪಾಸ್‌ವರ್ಡ್ ಇರಲಿ, ಇಡೀ ಖಾತೆಯ ಕೀಲಿಕೈ ಇಬ್ಬರ ಬಳಿ ಇರಲಿ, ಒಬ್ಬರು ಹೋದರೆ ಇನ್ನೊಬ್ಬರಿಗೆ ತೆರೆಯಲು ಬರುವ ಹಾಗೆ.

ಮೀಟಿಂಗಿನಲ್ಲಿ ಫಾದರಿಗೆ ಅವಸರ. ಮೇಲಿನಿಂದ ತಪಾಸಣೆಗೆ ಬರುವವರಿದ್ದರು, ಅಷ್ಟರೊಳಗೆ ಎಲ್ಲ ಕಡತ ಆನ್‌ಲೈನ್ ಆಗಿರಬೇಕೆಂದು ಅವರ ಆಸೆ. ನನ್ನದೇ ಒಂದು ಖಾತೆ ಇದೆ, ಅದನ್ನೇ ಶಾಲೆಗೆ ಮಾಡಿ, ಎಲ್ಲರಿಗೂ ಒಂದೇ ಪಾಸ್‌ವರ್ಡ್ ಸಾಕು ಎಂದರು. ಆಮೇಲೆ ಈ ಮಾತು ಹೇಳಿದರು.

"ನನ್ನದು ಅಂತ ಎಂತ ಇದೆ ಟೀಚರ್, ನಾವೆಲ್ಲ ಒಂದೇ ಕುಟುಂಬ."

ಸೆಲಿನ್ ಟೀಚರ ದನಿ ಇಳಿಯಿತು. ಪಕ್ಕದಲ್ಲಿದ್ದ ನನಗೆ ಕೇಳಿಸಿತು. "ಕುಟುಂಬ ಇರ್ತದೆ ಫಾದರ್. ನೀವು ಇರೋದಿಲ್ಲ. ನಿಮಗೆ ವರ್ಗ ಆಗ್ತದೆ. ಅವತ್ತು ಇದರ ಬೀಗದ ಕೈ ಎಲ್ಲಿರ್ತದೆ? ಇದು ಬೇಡ. ನಾನು ಒಪ್ಪೋದಿಲ್ಲ."

ಫಾದರ್ ನಕ್ಕರು. ಹೆಡ್ ಮಾಸ್ಟ್ರೂ ನಕ್ಕರು. ಉಳಿದವರು ಬಸ್ಸಿನ ಹೊತ್ತಾಯಿತೆಂದು ಗಡಿಯಾರ ನೋಡಿದರು. ತೀರ್ಮಾನವಾಯಿತು.

ನಮ್ಮ ಶಾಲೆಯ ಒಂದು ಪದ್ಧತಿ ಹೇಳಬೇಕು. ಮೀಟಿಂಗ್ ಶುರುವಾಗುವ ಮೊದಲೇ ಎಲ್ಲರೂ ನಡಾವಳಿ ಪುಸ್ತಕದ ಖಾಲಿ ಹಾಳೆಯ ಮೇಲ್ಭಾಗದಲ್ಲಿ ಸಹಿ ಹಾಕುತ್ತಾರೆ. ಬರೆಯುವುದು ಆಮೇಲೆ, ನಾನು, ಮಾರನೇ ದಿನ. ಆ ಪುಸ್ತಕದಲ್ಲಿ ಶಾಲೆ ಶುರುವಾದಾಗಿನಿಂದ ಸರ್ವಾನುಮತವಲ್ಲದ ಒಂದು ತೀರ್ಮಾನವೂ ಇಲ್ಲ. ಸಮವಸ್ತ್ರದ ಬಣ್ಣಕ್ಕೆ ಟೀಚರುಗಳು ಎರಡು ತಿಂಗಳು ಮಾತು ಬಿಟ್ಟಿದ್ದರು. ಅದೂ ಸರ್ವಾನುಮತವೇ. ನಾನು ಬರೆಯಲು ಕೂತಾಗ ಹೆಡ್ ಮಾಸ್ಟ್ರು ಮೇಜಿನ ಹತ್ತಿರ ಬಂದು, ಟೀಚರ್ ಹೇಳಿದ್ದೆಲ್ಲ ಉದ್ದಕ್ಕೆ ಹಾಕಬೇಡಿ ಶಾರದಮ್ಮ, ಫಾದರ್ ಎದುರು ವಾದ ಮಾಡಿದರು ಎಂದಿದ್ದರೆ ನಾಳೆ ಅವರಿಗೇ ಒಳ್ಳೆಯದಲ್ಲ ಎಂದರು. ಸೆಲಿನ್ ಟೀಚರಿಗೆ ಒಳ್ಳೆಯದಾಗಲಿ ಎಂದೇ ಬರೆದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಅವತ್ತು ನನಗೆ ಬೇಗ ಮನೆಗೆ ಹೋಗಬೇಕಿತ್ತು, ಹೆಡ್ ಮಾಸ್ಟ್ರ ಹತ್ತಿರ ಅರ್ಧ ದಿನ ರಜೆ ಕೇಳುವುದಿತ್ತು. ಬರೆದೆ: "ಸೆಲಿನ್ ಟೀಚರ್ ಅವರ ಪರಿಶೀಲನೆ ಹಾಗೂ ಶಿಫಾರಸಿನ ಮೇರೆಗೆ, ಸಂಚಾಲಕರ ಹೆಸರಿನ ಖಾತೆಯನ್ನೇ ಶಾಲೆಗೆ ಬಳಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು."

ಮುಂದೆ ಒಂದು ವರ್ಷ ನಡೆದದ್ದು ನಾಟಕ. ಹೊಸ ಫೋನಿನಲ್ಲಿ ತೆರೆಯಬೇಕೆಂದರೆ ಓಟಿಪಿ ಫಾದರ ಮೊಬೈಲಿಗೆ ಹೋಗುತ್ತಿತ್ತು. ಟೀಚರುಗಳು ದಿಬ್ಬದ ತುದಿಯ ಫಾದರ ಬಂಗಲೆಗೆ ಓಡುವುದು, ಅಡಿಗೆಯವಳು ಫಾದರ್ ಪೂಜೆಯಲ್ಲಿದ್ದಾರೆ ಎನ್ನುವುದು, ಪೂಜೆ ಮುಗಿಸಿ ಅವರು ಸಂಖ್ಯೆ ಹೇಳುವಷ್ಟರಲ್ಲಿ ಅದರ ಅವಧಿ ಮುಗಿಯುವುದು. ಡ್ರಿಲ್ ಮಾಸ್ಟ್ರು ಓಟದಲ್ಲಿ ಜಿಲ್ಲೆಗೆ ಹೋದವರಂತೆ, ಅವರೂ ಒಮ್ಮೆ ಸೋತರು. ಸೆಲಿನ್ ಟೀಚರ್ ನಗುತ್ತಿರಲಿಲ್ಲ. ತಮ್ಮ ಕ್ಲಾಸಿನ ಅಂಕಗಳನ್ನು ಆನ್‌ಲೈನಿಗೂ ಹಾಕಿ, ಹಳೆಯ ಪುಸ್ತಕದಲ್ಲೂ ಬರೆದಿಡುತ್ತಿದ್ದರು.

ಜೂನಿನಲ್ಲಿ ಫಾದರಿಗೆ ವರ್ಗವಾಯಿತು. ಅವರು ಒಂದು ಸೂಟ್‌ಕೇಸ್ ಹಿಡಿದು ಬಂದವರು, ಒಂದೇ ಸೂಟ್‌ಕೇಸಿನಲ್ಲಿ ಹೋದರು. ಬೀಳ್ಕೊಡುಗೆಯಲ್ಲಿ ಚರ್ಚಿನ ಕೀಲಿಕೈ ಗೊಂಚಲನ್ನು ಎಲ್ಲರೆದುರು ಹೊಸ ಫಾದರ ಕೈಗಿಟ್ಟಾಗ ಹೆಂಗಸರು ಅತ್ತರು, ನಾನೂ ಅತ್ತೆ. ಮೊಬೈಲಿನ ಸಿಮ್ ಚರ್ಚಿನದ್ದು, ತನ್ನದಲ್ಲ ಎಂದು ಅದನ್ನೂ ತೆಗೆದು ಮೇಜಿನ ಡ್ರಾಯರಿನಲ್ಲಿ ಇಟ್ಟುಹೋಗಿದ್ದರು. ಎಂಥ ವೈರಾಗ್ಯ ಎಂದು ಎಲ್ಲರೂ ಹೊಗಳಿದರು. ಹೊಸ ಫಾದರ ಬಳಿ ಅವರದೇ ಫೋನಿತ್ತು. ಡ್ರಾಯರಿನ ಸಿಮ್ಮಿಗೆ ಯಾರೂ ರೀಚಾರ್ಜ್ ಮಾಡಲಿಲ್ಲ. ಸೆಲಿನ್ ಟೀಚರ್ ಆಗಸ್ಟಿನಲ್ಲೊಮ್ಮೆ ಹೆಡ್ ಮಾಸ್ಟ್ರಿಗೆ ನೆನಪಿಸಿದ್ದು ನನಗೆ ಗೊತ್ತು. ನೋಡೋಣ ಎಂದರು ಹೆಡ್ ಮಾಸ್ಟ್ರು. ನಂಬರ್ ರದ್ದಾಯಿತು. ರದ್ದಾದ ನಂಬರನ್ನು ಕಂಪನಿ ಬೇರೆ ಯಾರಿಗೋ ಕೊಟ್ಟಿತು.

ಹತ್ತನೇ ಕ್ಲಾಸಿನ ಆಂತರಿಕ ಅಂಕಗಳನ್ನು ಇಲಾಖೆಗೆ ಕಳಿಸಬೇಕಾದ ವಾರವೇ ಆಫೀಸಿನ ಕಂಪ್ಯೂಟರ್ ಕೆಟ್ಟಿತು. ಹೊಸದರಲ್ಲಿ ತೆರೆಯಲು ಹೋದರೆ ಓಟಿಪಿ ಕೇಳಿತು. ಆ ನಂಬರಿಗೆ ಫೋನ್ ಮಾಡಿದವಳು ನಾನೇ. ಒಬ್ಬಳು ಹೆಂಗಸು ಎತ್ತಿದಳು, ಯಾವ ಊರೋ. ಅಮ್ಮಾ, ನಿಮ್ಮ ಫೋನಿಗೆ ಒಂದು ಸಂಖ್ಯೆ ಬಂದಿರುತ್ತದೆ, ದಯವಿಟ್ಟು ಹೇಳಿ ಎಂದೆ. "ನಿಮ್ಮಂಥವರ ಬಗ್ಗೆ ಟೀವೀಲಿ ದಿನಾ ಹೇಳ್ತಾರೆ. ಹೆಂಗಸಾಗಿ ನಾಚಿಕೆ ಆಗಲ್ವಾ ನಿನಗೆ?" ಎಂದು ಇಟ್ಟುಬಿಟ್ಟಳು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅವರಿವರು ಮತ್ತೆ ಮತ್ತೆ ಪ್ರಯತ್ನಿಸಿ ಖಾತೆಯೇ ಬಂದಾಯಿತು, ಟೀಚರುಗಳ ಫೋನಿನಲ್ಲೂ ತೆರೆಯದಾಯಿತು. ಹಳೆಯ ಫಾದರಿಗೆ ಫೋನ್ ಮಾಡಿದರೆ, ಅಯ್ಯೋ ಪಾಪ ಎಂದು ನೊಂದುಕೊಂಡರು. ಸೆಲಿನ್ ಟೀಚರ್ ಆಗ ಬೇಡವೆಂದಿದ್ದರಲ್ಲ ಎಂದು ಪಂಡಿತರು ಕೇಳಿದ್ದಕ್ಕೆ, ಏನೋ ಅಂದಿದ್ದರು, ಸರಿಯಾಗಿ ನೆನಪಿಲ್ಲ ಎಂದರು.

ಟೀಚರ್ ಯಾರನ್ನೂ ಬಯ್ಯಲಿಲ್ಲ. ಹಳೆಯ ಪುಸ್ತಕ ತಂದು ಮೇಜಿನ ಮೇಲಿಟ್ಟರು. ಗಣಿತದ ಅಂಕ ಪೂರ್ತಿ ಇತ್ತು. ಉಳಿದ ವಿಷಯಗಳಿಗೆ ಮಕ್ಕಳ ಹಳೆಯ ಉತ್ತರಪತ್ರಿಕೆಗಳನ್ನು ಹುಡುಕಿಸಿ, ಒಂದೊಂದಾಗಿ ಮತ್ತೆ ಕೂಡಿಸಿದರು.

ಹೊಸ ಫಾದರ್ ಮೀಟಿಂಗ್ ಕರೆದರು. ಅವರಿಗೆ ಹಿಂದಿನದು ಗೊತ್ತಿಲ್ಲ. ಇದನ್ನು ತೀರ್ಮಾನ ಮಾಡಿದ್ದು ಯಾರು ಎಂದರು. ಹೆಡ್ ಮಾಸ್ಟ್ರು ನಡಾವಳಿ ಪುಸ್ತಕ ತೆರೆದು ನನ್ನ ಆ ವಾಕ್ಯವನ್ನು ಗಟ್ಟಿಯಾಗಿ ಓದಿದರು. ಎದುರಿಗೆ ಟೀಚರ್ ಕೂತಿದ್ದಾರೆ, ಅವತ್ತು ಮೀಟಿಂಗಿನಲ್ಲಿದ್ದ ಎಲ್ಲರೂ ಕೂತಿದ್ದಾರೆ, ಓದುವಾಗ ಅವರ ನಾಲಗೆ ಒಮ್ಮೆಯೂ ತೊಡರಲಿಲ್ಲ. ಇದರ ಕೆಳಗೆ ಟೀಚರ್ ಒಂದು ತಪ್ಪೊಪ್ಪಿಗೆ ಬರೆದುಕೊಟ್ಟರೆ ವಿಷಯ ಇಲ್ಲಿಗೆ ಮುಗಿಸಬಹುದು ಎಂದೂ ಸೇರಿಸಿದರು.

ಸೆಲಿನ್ ಟೀಚರ್ ಏನೋ ಹೇಳಿದರು. ಕೇಳಿಸಲಿಲ್ಲ, ಜೋರಾಗಿ ಹೇಳಿ ಎಂದರು ಹೊಸ ಫಾದರ್.

"ಸಹಿ ನನ್ನದು. ಅಕ್ಷರ ಶಾರದನದ್ದು. ನಾನು ಅವತ್ತು ಎಂತ ಹೇಳಿದೆ ಅಂತ ಅವಳೇ ಹೇಳಲಿ."

ಎಲ್ಲರೂ ನನ್ನ ಕಡೆ ತಿರುಗಿದರು. ಹೆಡ್ ಮಾಸ್ಟ್ರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಸುಮ್ಮನೆ ಇದ್ದಿದ್ದರೂ ಆಗುತ್ತಿತ್ತು. ನಾನು ಸುಮ್ಮನೆ ಇರಲಿಲ್ಲ. "ಮೀಟಿಂಗಿನಲ್ಲಿ ಏನಾಯ್ತೋ ಅದನ್ನೇ ಬರೆದಿದ್ದೇನೆ ಫಾದರ್" ಎಂದೆ.

ಟೀಚರ್ ನನ್ನನ್ನು ನೋಡಿದರು. ತಪ್ಪೊಪ್ಪಿಗೆ ಬರೆಯಲಿಲ್ಲ. ಹನ್ನೆರಡು ದಿನ ಬಂದರು, ಎಲ್ಲ ಮಕ್ಕಳ ಅಂಕ ಇಲಾಖೆಗೆ ಸೇರುವವರೆಗೆ. ನನ್ನ ಹತ್ತಿರ ಹಾಜರಿ ಸಂಖ್ಯೆ, ಹುಟ್ಟಿದ ದಿನ ಬಿಟ್ಟು ಬೇರೇನೂ ಮಾತಾಡಲಿಲ್ಲ. ಊಟ ಕ್ಲಾಸಿನಲ್ಲೇ ಮಾಡಿದರು. ಹದಿಮೂರನೇ ದಿನ ರಾಜೀನಾಮೆ ಕೊಟ್ಟು ಹೋದರು. ಬೀಳ್ಕೊಡುಗೆ ಇರಲಿಲ್ಲ.

ಎರಡು ತಿಂಗಳು ನಾನು ನನ್ನ ಮೇಲಿನ ಸಿಟ್ಟನ್ನು ಹೆಡ್ ಮಾಸ್ಟ್ರ ಮೇಲೆ, ಹಳೆಯ ಫಾದರ ಮೇಲೆ, ಮನೆಯಲ್ಲಿ ಪಾತ್ರೆಗಳ ಮೇಲೆ ತೀರಿಸಿಕೊಂಡೆ. ಆಮೇಲೆ ಒಂದು ಭಾನುವಾರ ನಡೆದದ್ದನ್ನೆಲ್ಲ ಎರಡು ಹಾಳೆಯಲ್ಲಿ ಬರೆದು, ಕೆಳಗೆ ಸಹಿ ಹಾಕಿ, ಕೊಪ್ಪದ ಬಸ್ಸು ಹತ್ತಿದೆ. ಟೀಚರ್ ಕೊಪ್ಪದ ಪಕ್ಕದ ಬಾಳಗಡಿಯಲ್ಲಿ ಒಂದು ಬಾಡಿಗೆ ಮನೆ ಮಾಡಿ, ಅಲ್ಲೇ ಟ್ಯೂಷನ್ ಹೇಳುತ್ತಿದ್ದರು. ಬಾ ಎಂದರು. ಕಾಫಿ ಕೊಟ್ಟರು. ನಾನು ಹಾಳೆಗಳನ್ನು ಕೊಟ್ಟೆ. ಪೂರ್ತಿ ಓದಿದರು. ಒಂದು ಕಡೆ ನಾನು ಮಂಗಳವಾರ ಎಂದು ಬರೆದಿದ್ದನ್ನು ಬುಧವಾರ ಎಂದು ತಿದ್ದಿದರು. ಆಮೇಲೆ ಹಾಳೆಗಳನ್ನು ಮಡಚಿ ನನ್ನ ಕೈಗೇ ಕೊಟ್ಟರು.

"ಇದನ್ನು ಇಲ್ಲಿಗೆ ಎಂತಕ್ಕೆ ತಂದೆ ಶಾರದಾ? ನನಗೆ ಗೊತ್ತಿಲ್ಲದ್ದು ಇದರಲ್ಲಿ ಎಂತ ಉಂಟು?"

ನಾನು ಕ್ಷಮೆ ಕೇಳಲು ಬಂದೆ ಟೀಚರೇ, ಎಂದೆ.

"ನನ್ನ ಹತ್ರ ಕ್ಷಮೆ ತಗೊಂಡು, ಅದನ್ನು ಡಬ್ಬಿಗೆ ಹಾಕ್ಕೊಂಡು ಹೋಗ್ಬಹುದು ಅಂತ ಬಂದ್ಯಾ? ನೀನು ಸುಳ್ಳು ಹೇಳಿದ್ದು ಇಪ್ಪತ್ತು ಜನರ ಎದುರು. ಅಲ್ಲಿ ಹೋಗಿ ಹೇಳು. ಆಮೇಲೆ ಬೇಕಾದ್ರೆ ಬಾ." ದನಿ ಎಷ್ಟು ಕೆಳಗಿತ್ತೆಂದರೆ, ಕೊನೆಯ ಮಾತನ್ನು ನಾನು ಬಾಯಿ ನೋಡಿ ತಿಳಿದುಕೊಂಡೆ.

ಹೋಗಿ ಹೇಳಿದೆ. ಹೊಸ ಫಾದರ್ ಮೀಟಿಂಗ್ ಕರೆದು, ಹಾಳೆಗಳನ್ನು ನನ್ನಿಂದಲೇ ಓದಿಸಿದರು. ಶಾರದಮ್ಮನಿಗೆ ವಯಸ್ಸಾಯಿತು, ಒಂದು ಸಲ ಒಂದು ಹೇಳುತ್ತಾರೆ ಎಂದರು ಹೆಡ್ ಮಾಸ್ಟ್ರು. ಆಗ ಪಂಡಿತರು ಎದ್ದು ನಿಂತು, ಅವತ್ತು ನಾನೂ ಕೇಳಿಸಿಕೊಂಡಿದ್ದೆ, ಬಾಯಿ ಬಿಡಲಿಲ್ಲ ಎಂದರು. ಮತ್ತೆ ಮೂರು ಜನ ಎದ್ದರು. ಇಷ್ಟು ಜನಕ್ಕೆ ಕೇಳಿಸಿತ್ತು! ಹಾಳೆಗಳನ್ನು ನಡಾವಳಿ ಪುಸ್ತಕಕ್ಕೆ ಅಂಟಿಸಿದೆವು. ಫಾದರ್ ಸೆಲಿನ್ ಟೀಚರಿಗೆ ವಾಪಸು ಬನ್ನಿ ಎಂದು ಪತ್ರ ಬರೆದರು. 'ಪತ್ರ ತಲುಪಿದೆ' ಎಂದು ಉತ್ತರ ಬಂತು, ಹಸಿರು ಶಾಯಿಯಲ್ಲಿ. ಬೇರೇನೂ ಇರಲಿಲ್ಲ.

ಈಗ ನಮ್ಮ ಖಾತೆ ಶಾಲೆಯ ಹೆಸರಿನಲ್ಲೇ ಇದೆ. ಪ್ರತಿಯೊಬ್ಬರಿಗೂ ಬೇರೆ ಪಾಸ್‌ವರ್ಡ್, ಕೀಲಿಕೈ ಇಬ್ಬರ ಬಳಿ. ಸೆಲಿನ್ ಟೀಚರ್ ಬಿಟ್ಟುಹೋದ ನೋಟ್‌ಬುಕ್ ನೋಡಿಕೊಂಡೇ ಮಾಡಿದ್ದು. ಕಳೆದ ವಾರ್ಷಿಕೋತ್ಸವದಲ್ಲಿ ಹೆಡ್ ಮಾಸ್ಟ್ರು ವರದಿ ಓದುತ್ತ, ನಮ್ಮ ಶಾಲೆ ಕೈಗೊಂಡ ಹೊಸ ವ್ಯವಸ್ಥೆ ಎಂದರು. ಜನ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಅದರಿಂದ ಯಾರಿಗೇನು?

ನಾನು ಆಮೇಲೆ ಬಾಳಗಡಿಗೆ ಹೋಗಲಿಲ್ಲ. ಬೇಕಾದರೆ ಬಾ ಎಂದಿದ್ದರು, ಆದರೂ ಕಾಲು ಬರಲಿಲ್ಲ. ಅವರನ್ನು ಕೊನೆಯ ಸಲ ನೋಡಿದ್ದು ಹೋದ ನವೆಂಬರಿನಲ್ಲಿ, ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ. ತಂಗಿಯ ಮನೆಗೆ ಹೋಗಿದ್ದ ನಾನು ಎನ್.ಆರ್. ಪುರದ ಬಸ್ಸು ಹತ್ತಿದರೆ, ಮೂರನೇ ಸೀಟಿನ ಕಿಟಕಿಯ ಬಳಿ ಸೆಲಿನ್ ಟೀಚರ್ ಕೂತಿದ್ದಾರೆ. ಅವತ್ತು ಕ್ರೈಸ್ತರ ಸತ್ತವರ ದಿನ, ಗೋರಿಗೆ ಹೂವು, ಮೇಣದಬತ್ತಿ ಇಡುವ ದಿನ. ಕೊನೆಗಾಲದಲ್ಲಿ ಅವರ ಜೊತೆಗಿದ್ದ ತಾಯಿಯನ್ನು ಮಣ್ಣು ಮಾಡಿದ್ದು ನಮ್ಮ ಚರ್ಚಿನ ಹಿಂದೆಯೇ. ಪಕ್ಕದ ಸೀಟಿನಲ್ಲಿ ಸೇವಂತಿಗೆಯ ಕಟ್ಟು, ಮೇಣದಬತ್ತಿಯ ಪೊಟ್ಟಣ. ತಲೆ ಪೂರ್ತಿ ಬೆಳ್ಳಗಾಗಿತ್ತು.

ಉಳಿದ ಸೀಟೆಲ್ಲ ತುಂಬಿತ್ತು, ನಾನು ಪಕ್ಕದಲ್ಲಿ ಕಂಬಿ ಹಿಡಿದು ನಿಂತೆ. ಮೊದಲು ಮಾತಾಡಿದವರು ಅವರೇ. ಪಂಡಿತರು ಹೇಗಿದ್ದಾರೆ ಎಂದು ಕೇಳಿದರು, ನಿವೃತ್ತರಾದರು ಎಂದೆ. ಖಾತೆ ಈಗ ಯಾರ ಹೆಸರಲ್ಲಿದೆ ಎಂದರು. ಶಾಲೆಯ ಹೆಸರಲ್ಲೇ ಟೀಚರೇ, ಎಂದೆ. ಮೀಟಿಂಗಿನಲ್ಲಿ ಎಲ್ಲರೆದುರು ಹೇಳಿದೆ ಎಂದೂ ಸೇರಿಸಿದೆ. "ಗೊತ್ತಾಯ್ತು" ಎಂದರು, ಸಾಧಾರಣ ದನಿಯಲ್ಲಿ, ಇಡೀ ಬಸ್ಸಿಗೆ ಕೇಳಿಸುವಂತೆ. ದನಿ ಇಳಿದಿಲ್ಲವಲ್ಲ ಎಂದು ನನಗೆ ಒಂದು ಕ್ಷಣ ಆಸೆಯಾಯಿತು. ಅವರು ಕಿಟಕಿಯ ಕಡೆ ತಿರುಗಿದರು. ಹೂವಿನ ಕಟ್ಟು ಸೀಟಿನ ಮೇಲೇ ಇತ್ತು. ಸ್ವಲ್ಪ ತೆಗೆಯಿರಿ ಎನ್ನಲು ನನಗೆ ಬಾಯಿ ಬರಲಿಲ್ಲ.

ಬಸ್ಸು ಹೊರಡುವ ಹೊತ್ತಿಗೆ ಕೋಲೂರಿಕೊಂಡು ಒಬ್ಬ ಅಜ್ಜ ಹತ್ತಿದ, ಗುರುತಿನವನಲ್ಲ. ಟೀಚರ್ ಅವನನ್ನು ಕಂಡ ಕೂಡಲೇ ಹೂವು, ಮೇಣದಬತ್ತಿ ಎಲ್ಲವನ್ನೂ ತಮ್ಮ ತೊಡೆಯ ಮೇಲೆ ಎತ್ತಿಟ್ಟುಕೊಂಡು, "ಬನ್ನಿ ಅಜ್ಜ, ಕೂತ್ಕೊಳ್ಳಿ" ಎಂದರು. ನಾನು ಎನ್.ಆರ್. ಪುರದವರೆಗೂ ನಿಂತೇ ಬಂದೆ.